ಭಾನುಮತಿಯ ಒಪ್ಪಿಗೆ

“ಈ ಹೆಂಗಸು ಬದುಕಿದಾರೋ ಇಲ್ವೋ ಅಂತ ಕೇಳ್ತಿದಾರೆ ಕಣ್ರೀ,” ಎಂದು ವಕೀಲ ಸೂರ್ಯನಾರಾಯಣ ಟ್ರೇಡ್‌ಮಾರ್ಕ್ ಆಫೀಸಿನಿಂದ ಬಂದ ಕಾಗದವನ್ನು ಮೇಜಿನ ಮೇಲೆ ತಿರುಗಿಸಿಟ್ಟ.

ಬದರೀನಾಥ ಅದಕ್ಕೆ ಪಿನ್ನು ಹಾಕಿದ್ದ ಲೇಬಲ್ಲನ್ನೇ ನೋಡಿದ. ‘ಭಾನುಮತಿ ಕಾಫಿ ಪುಡಿ’. ಕೆಳಗೆ ಹೆಂಡತಿಯ ಮೂಗುಬೊಟ್ಟಿನ ಮುಖ. ಮದುವೆಯ ಫೋಟೋ ನೋಡಿಕೊಂಡು ಅವನೇ ಬರೆದದ್ದು. ಮಾರಿಸ್‌ಟೌನಿನ ಮನೆಯ ಗ್ಯಾರೇಜಿನಲ್ಲಿ ಶನಿವಾರ ಶನಿವಾರ ಬೀಜ ಹುರಿದು, ಪುಡಿಮಾಡಿ, ನ್ಯೂಯಾರ್ಕಿನ ಎರಡು ಅಂಗಡಿಗಳಿಗೆ ಕೊಟ್ಟುಬರುತ್ತಿದ್ದ. ಈಗ ಇನ್ನೊಬ್ಬ ಅಂಗಡಿಯವನು ಅದೇ ಹೆಸರು, ಅದೇ ಮುಖ ಅಚ್ಚುಹಾಕಿಸಿ ತನ್ನ ಪುಡಿ ಮಾರತೊಡಗಿದ್ದ. ಆ ಮುಖವನ್ನು ಯಾರದೋ ತಗಡಿನ ಡಬ್ಬಿಯ ಮೇಲೆ ಕಂಡ ದಿನ ಬದರೀನಾಥನಿಗೆ ಊಟ ಸೇರಿರಲಿಲ್ಲ.

“ಬದುಕಿರೋರ ಹೆಸರು, ಮುಖ ರಿಜಿಸ್ಟರ್ ಮಾಡ್ಬೇಕಾದ್ರೆ ಅವರ ಒಪ್ಪಿಗೆ ಬೇಕು. ಒಂದು ಸೈನ್ ಅಷ್ಟೆ. ಮನೆಗೆ ಹೋದ ತಕ್ಷಣ ಮೇಡಂ ಹತ್ರ ಹಾಕಿಸ್ಕೊಂಡ್ಬಿಡಿ.”

“ಅವಳು ಮೈಸೂರಲ್ಲಿದಾಳೆ.”

“ಓಹೋ, ಬ್ಯಾಚುಲರ್ ಲೈಫು! ಹಂಗಾದ್ರೆ ಬದುಕಿಲ್ಲ ಅಂತ ಬರೆದ್ಬಿಡೋಣ, ಸೈನೇ ಬೇಡ,” ಎಂದು ನಕ್ಕು, “ಯಾವಾಗ ವಾಪಸ್ಸು?” ಎಂದ.

“ಹೋಗಿ ಎರಡು ವರ್ಷ ಆಯ್ತು.”

ಸೂರ್ಯನಾರಾಯಣ ಪೆನ್ನಿಗೆ ಮುಚ್ಚಳ ಹಾಕಿದ, ಮತ್ತೆ ತೆಗೆದ. “ಏರ್‌ಮೇಲಲ್ಲಿ ಕಳಿಸಿ,” ಎಂದ.

“ನೀವು ಕೇಳ್ತೀರಿ, ಮಾತಾಡೋಲ್ಲ. ಅಷ್ಟನ್ನ ಗೋಡೆನೂ ಮಾಡತ್ತೆ,” ಎಂದಿದ್ದಳು ಭಾನುಮತಿ, ಹೊರಡುವ ವಾರ. ಸುಳ್ಳೇನಲ್ಲ. ಅವಳು ಗ್ಯಾರೇಜಿನಲ್ಲಿ ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿಯುತ್ತ, ತಂದೆಯಿಂದ ಕಲಿತ ಷಟ್ಪದಿಗಳನ್ನು ರಾಗವಾಗಿ ಹೇಳುತ್ತಿದ್ದಳು. ಇವನು ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂತಿರುತ್ತಿದ್ದ, ದೇವರೆದುರು ಕೂತಂತೆ. ಚೆನ್ನಾಗಿದೆ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾಲ್ಕು ಕಾಗದ ಬರೆದು ಹರಿದ. ಕೊನೆಗೆ, ‘ಗುರುತು ಹಾಕಿದ ಕಡೆ ರುಜು ಮಾಡಿ ಕಳಿಸು’ ಎಂದಷ್ಟೇ ಬರೆದು, ಜೊತೆಗೆ ಅರ್ಧ ಪೌಂಡು ಪುಡಿಯನ್ನೂ ಇಟ್ಟು ಕಳಿಸಿದ.

ಐದು ವಾರಕ್ಕೆ ಉತ್ತರ ಬಂತು. ರುಜು ಇತ್ತು. ಅದರ ಜೊತೆಗೆ ಕ್ಯಾಲೆಂಡರಿನಿಂದ ಹರಿದ ಒಂದು ಹಾಳೆ. ಕ್ಷೇಮಸಮಾಚಾರವಿಲ್ಲ, ನೀವು ಹೇಗಿದ್ದೀರೆಂಬುದಿಲ್ಲ.

‘ಪುಡಿ ಕುಡಿದು ನೋಡಿದೆ. ಕಹಿ. ಗಡಿಯಾರ ನೋಡಿ ಹುರಿಯುತ್ತಿದ್ದೀರಿ. ಎಂಟು ಪದ್ಯ ಮುಗಿಯುತ್ತಲೇ ಇಳಿಸಬೇಕು. ನನ್ನ ಹೆಸರು ಇರುವಷ್ಟು ದಿನ ಹಾಗೇ ಮಾಡಿ.’

ಹಾಳೆ ತಿರುಗಿಸಿದ. ಹಿಂದೆ ತಾರೀಖು, ತಿಥಿ, ರಾಹುಕಾಲ. ಬೇರೇನೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಗ್ಯಾರೇಜಿಗೆ ಇಳಿದ. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬಾಣಲೆ ಕಾದ ಮೇಲೆ ಬೀಜ ಸುರಿದು ಬಾಯಿ ತೆರೆದ. ಮೊದಲ ಸಾಲಿಗೆ ದನಿಯೇ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದ. ರಾಗ ತಪ್ಪಿತು. ಪದ ಒಂದೂ ತಪ್ಪಲಿಲ್ಲ. ಅಷ್ಟು ವರ್ಷ ಕೇಳಿದ್ದು ಹಾಗೇ ಇತ್ತು. ಐದನೆಯ ಪದ್ಯಕ್ಕೆ ಬೀಜ ಚಟಚಟ ಎಂದಿತು. ಎಂಟು ಮುಗಿಯುತ್ತಲೇ ಬಾಣಲೆ ಇಳಿಸಿದ.

ಬೀಜ ಇನ್ನೂ ಒಂದೊಂದಾಗಿ ಸಿಡಿಯುತ್ತಿತ್ತು. ಹೊಗೆ ಮೆಲ್ಲನೆ ಹರಡಿ, ಒಲೆಯೆದುರಿನ ಖಾಲಿ ಸ್ಟೂಲನ್ನು ದಾಟಿ, ಬಾಗಿಲಿನ ಕಡೆಗೆ ಹೋಯಿತು.