ಬೆಟ್ಟದ ದಾರಿಗೆ ಜಾಲಿಮುಳ್ಳು

ಕಾಮಸಮುದ್ರದ ಕಾಡಿನಲ್ಲಿ ಚಾರಣದ ದಾರಿ ತೆರೆದು ನಾಲ್ಕು ತಿಂಗಳಾಗಿತ್ತು. ಬಂದವರನ್ನು ಬೆಟ್ಟ ಹತ್ತಿಸಿ ಇಳಿಸುವ ಕೆಲಸ ಅರಣ್ಯ ಇಲಾಖೆಯ ವಾಚರ್ ನರೇಶನದು. ಆ ಭಾನುವಾರ ಬಂದವರು ಕೆಜಿಎಫ್‌ನ ಕಾರ್ಖಾನೆಯೊಂದರ ನಾಲ್ವರು. ಅವರಲ್ಲಿ ಅನಿರುದ್ಧ ಎಂಬ ಎಂಜಿನಿಯರು ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡ ಹೊಸ ಬೂಟು ಹಾಕಿಕೊಂಡು ಬಂದು, ಮೊದಲ ಏರಿನಲ್ಲೇ ಗೊಣಗಲು ಶುರುಮಾಡಿದ್ದ.

"ಆನೆ ಇದೆ ಅಂದ್ರು. ಎಲ್ಲಪ್ಪಾ ನಿಮ್ಮ ಆನೆ?"

"ಮೆತ್ತಗೆ ಮಾತಾಡಿ ಸಾರ್. ಎದುರಿಗೆ ಬಂದ್ರೆ ಓಡಾಕೂ ಆಗಲ್ಲ."

"ನಮಗೇ ಬುದ್ಧಿ ಹೇಳ್ತಾನೆ ನೋಡಿ," ಎಂದು ಅನಿರುದ್ಧ ಸಹೋದ್ಯೋಗಿ ಜ್ಯೋತ್ಸ್ನಾಳ ಕಡೆ ತಿರುಗಿ ನಕ್ಕ. ಅವಳು ನಗಲಿಲ್ಲ.

ನೆತ್ತಿಯ ಬಂಡೆಯ ಮೇಲೆ, ನರೇಶ ಬೇಡವೆಂದರೂ ಅಂಚಿಗೆ ಹೋಗಿ ಫೋಟೊ ತೆಗೆಯುವಾಗ ಅನಿರುದ್ಧನ ಕಾಲು ಜಾರಿತು. ಬೂಟು ಬಿಚ್ಚುವಷ್ಟರಲ್ಲಿ ಪಾದದ ಗಂಟು ಊದಿಕೊಂಡಿತ್ತು. ಬಂದ ದಾರಿಯಲ್ಲೇ ಹಿಂತಿರುಗಿದರೆ ಗೇಟಿಗೆ ಐದು ಕಿಲೋಮೀಟರು. ಇನ್ನೊಂದು ಪಕ್ಕಕ್ಕೆ ಮೇಕೆದಾರಿ ಹಿಡಿದು ಇಳಿದರೆ ಕಾಲು ಗಂಟೆಯಲ್ಲಿ ನರೇಶನ ಊರು. ಅಲ್ಲಿಗೆ ಅವರ ವ್ಯಾನನ್ನು ಕರೆಸಬಹುದು. ಆದರೂ ನರೇಶ ಹಿಂದೆಮುಂದೆ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ಅವರನ್ನು ಆ ಕಡೆಗೇ ಇಳಿಸಿದ.

ಅವನು ಹೆದರಿದಂತೆಯೇ ಆಯಿತು. ಎರಡು ಬಂಡೆಗಳ ನಡುವೆ ಆಳೆತ್ತರಕ್ಕೆ ಜಾಲಿಮುಳ್ಳು ಒಟ್ಟಿತ್ತು. ಅದರ ಆಚೆ ಕುಡುಗೋಲು ಹಿಡಿದು ಮುನಿಗಂಗಮ್ಮ ಕೂತಿದ್ದಳು. ಅವಳು ನರೇಶನ ತಾಯಿಯ ಅಕ್ಕ. ಮೂರು ವಾರದ ಹಿಂದೆ ಕಾಡಿನೊಳಗೆ ಮೇಯುತ್ತಿದ್ದ ಅವಳ ಮೇಕೆಗಳನ್ನು ಕಂಡು ಫಾರೆಸ್ಟರಿಗೆ ಫೋನು ಮಾಡಿದವನು ಇವನೇ. ಮೇಕೆಗಳನ್ನು ಎರಡು ದಿನ ಅರಣ್ಯ ಕಚೇರಿಯ ಹಿಂದೆ ಕೂಡಿಹಾಕಿದ್ದರು. ಮನೆಯಲ್ಲಿದ್ದ ಮರಿಗಳು ಹಾಲಿಲ್ಲದೆ ಸತ್ತಿದ್ದವು.

"ಮುಳ್ಳು ತೆಗಿ ದೊಡ್ಡಮ್ಮ. ಇವರ ಕಾಲು ಉಳುಕೈತೆ."

"ಯಾರ್ಲಾ ನಿಂಗೆ ದೊಡ್ಡಮ್ಮ? ನನ್ನ ಮೇಕೆ ಈ ದಾರೀಲಿ ನಡೆದ್ರೆ ಕೇಸು. ಇವ್ರು ಬೂಟಾಕ್ಕಂಡು ನಡೆದ್ರೆ ಸಲಾಮು."

"ಅದು ಕಾನೂನು."

"ಫೋನು ಮಾಡಿದ್ದು ಕಾನೂನಾ, ನೀನಾ?"

ಅನಿರುದ್ಧ ನೋವಿನಲ್ಲೇ ರೇಗಿದ. "ಏ ಮುದುಕಿ, ಇದು ಸರ್ಕಾರದ ಜಾಗ. ಪೊಲೀಸರನ್ನ ಕರೆಸ್ಲಾ?"

"ಕರೆಸಪ್ಪಾ. ಅವ್ರು ಬರೋಗಂಟ ಆ ಕಲ್ಲಿನ ಮೇಲೆ ಕುಂತಿರು."

ಜ್ಯೋತ್ಸ್ನಾ ಮುಂದೆ ಬಂದಳು. "ಅಜ್ಜಿ, ಇವರ ಮಾತು ಬಿಡಿ. ನಿಜವಾಗ್ಲೂ ನಡೆಯೋಕಾಗ್ತಿಲ್ಲ."

ಮುದುಕಿ ಊದಿದ ಕಾಲನ್ನು ನೋಡಿದಳು. ಎದ್ದು, ಕುಡುಗೋಲಿನಿಂದ ಮುಳ್ಳನ್ನು ಎಳೆದು ದಾರಿ ಬಿಡಿಸಿದಳು. "ಓಗಿ. ನೀವು ನಂಗೇನೂ ಮಾಡಿಲ್ಲ."

ಅನಿರುದ್ಧನಿಗೆ ಹೆಗಲು ಕೊಟ್ಟು ನರೇಶ ಹೆಜ್ಜೆಯಿಟ್ಟ. ಕುಡುಗೋಲು ಅಡ್ಡ ಬಂತು.

"ನೀನಲ್ಲ."

"ನಾನೂ ಈ ಊರೋನೇ."

"ಆಗಿದ್ದೆ. ಬಂದ ದಾರೀಲೇ ಓಗು."

ಅವನ ಬದಲು ಜ್ಯೋತ್ಸ್ನಾ ಹೆಗಲು ಕೊಟ್ಟಳು. ನಾಲ್ವರೂ ದಾಟಿದ ಮೇಲೆ ಮುಳ್ಳು ಮತ್ತೆ ದಾರಿಗೆ ಬಿತ್ತು.

ಸುಡುಬಿಸಿಲಿನಲ್ಲಿ ನರೇಶ ಒಬ್ಬನೇ ಬೆಟ್ಟ ಹತ್ತಿ ಇಳಿದ. ದಾರಿಯುದ್ದಕ್ಕೂ ಅವಳನ್ನು ಬೈದ. ಬಿದಿರಮೆಳೆಯ ಹತ್ತಿರ ಆನೆಯ ಹಸಿ ಲದ್ದಿ ಕಂಡು ಬಾಯಿ ಕಟ್ಟಿತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ಆಮೇಲೆ ದಾಟಿದ.

ಗೇಟಿನಲ್ಲಿ ವ್ಯಾನು ಆಗಲೇ ಬಂದು ನಿಂತಿತ್ತು. "ನಡುಕಾಡಿನಲ್ಲಿ ನಮ್ಮ ಕೈಬಿಟ್ಟು ಹೋದ," ಎಂದು ಅನಿರುದ್ಧ ಫಾರೆಸ್ಟರಿಗೆ ದೂರು ಕೊಡುತ್ತಿದ್ದ.

"ಮುಳ್ಳು ಹಾಕಿದ ಮುದುಕಿ ಯಾರೋ?" ಫಾರೆಸ್ಟರು ನರೇಶನನ್ನು ಕೇಳಿದರು.

"ಇವನಿಗೆ ಗೊತ್ತು ಸಾರ್. ದೊಡ್ಡಮ್ಮ ಅಂತ ಕರೆದ," ಎಂದ ಅನಿರುದ್ಧ.

ಹೆಸರು ನರೇಶನ ನಾಲಿಗೆಯ ತುದಿಯಲ್ಲಿತ್ತು. ಹೇಳಿ ಸೇಡು ತೀರಿಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು. "ಎಲ್ಲಾ ಮುದುಕೀರನ್ನೂ ಅಂಗೇ ಕರೀತೀನಿ ಸಾರ್. ಗುರುತಿಲ್ಲ."

"ಗುರುತು ಸಿಕ್ಕಿದ ದಿನ ಕೆಲಸಕ್ಕೆ ಬಾ. ಅಲ್ಲಿವರೆಗೂ ಬರಬೇಡ," ಎಂದರು ಫಾರೆಸ್ಟರು. ಜ್ಯೋತ್ಸ್ನಾ ಏನೋ ಹೇಳಲು ಹೊರಟವಳು ಅನಿರುದ್ಧನ ಮುಖ ನೋಡಿ ಸುಮ್ಮನೆ ವ್ಯಾನು ಹತ್ತಿದಳು.

ಸಂಜೆ ಅವನು ನೇರವಾಗಿ ಮುನಿಗಂಗಮ್ಮನ ಮನೆಗೆ ಹೋದ. ಅವಳು ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ನಿನ್ನ ಎಸ್ರು ಯೋಳಲಿಲ್ಲ. ಕೆಲ್ಸ ಓಯ್ತು," ಎಂದ.

ಅವಳು ತಿರುಗಿದಳು. ಮುಖದಲ್ಲಿ ಕನಿಕರದ ಸುಳಿವೇ ಇರಲಿಲ್ಲ. "ಯಾರ್ಲಾ ಯೋಳಬೇಡ ಅಂದೋರು? ಫಾರೆಸ್ಟ್‌ನೋರು ನನ್ನ ಬಾಗಿಲಿಗೆ ಬರ್ಲಿ, ಮರಿ ಸತ್ತಿದ್ದು ಕೇಳ್ತೀನಿ ಅಂತಾನೇ ಮುಳ್ಳಾಕಿದ್ದು. ನನ್ನ ಮೇಕೆ ಇಡಿಸೋವಾಗ ಬಾಯಿತ್ತು. ನನ್ನ ಎಸ್ರು ಯೋಳೋಕೆ ಬಾಯಿ ಬಿದ್ದೋಯ್ತೇನ್ಲಾ?"

ಅವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿ, ಅವಳೇ ಕಚೇರಿಗೆ ಹೋಗಿ ಮುಳ್ಳು ಹಾಕಿದವಳು ತಾನೆಂದು ಹೆಸರು ಬರೆಸಿ ಬಂದಳು.