ಕವಾಟಕ್ಕೆ ಸುತ್ತಿದ ತಂತಿ

ಬಾಯ್ಲರಿನ ಸುರಕ್ಷಾ ಕವಾಟ ಬಾಯಿ ತೆರೆದರೆ ಇಡೀ ಲಾಂಡ್ರಿ ಕೈಕಟ್ಟಿ ಕೂರಬೇಕು. ಹೆಚ್ಚಾದ ಹಬೆ ಕಿರುಚುತ್ತಾ ಹೊರಗೆ ಹೋಗುತ್ತದೆ, ಇಸ್ತ್ರಿಯಂತ್ರಗಳು ತಣ್ಣಗಾಗುತ್ತವೆ, ಆಸ್ಪತ್ರೆಗೆ ಹೋಗಬೇಕಾದ ಹೊದಿಕೆಗಳು ಒದ್ದೆಮುದ್ದೆಯಾಗಿ ಬಿದ್ದಿರುತ್ತವೆ. ಅದಕ್ಕೇ ಬಾಯ್ಲರ್ ಕಾಯುವವರು ಕವಾಟದ ಹಿಡಿಗೆ ನಾಲ್ಕು ಸುತ್ತು ತಂತಿ ಬಿಗಿಯುತ್ತಿದ್ದರು. ತನಿಖೆಯವರು ಬರುವ ದಿನ ಬಿಚ್ಚುತ್ತಿದ್ದರು. ಕಟ್ಟು ಎಂದು ಮಾಲೀಕರು ಎಂದೂ ಹೇಳಿದವರಲ್ಲ. ಇವತ್ತು ಅದರ ಗಲಾಟೆ ಕೇಳಿಸಬಾರದು ಎನ್ನುತ್ತಿದ್ದರು, ಅಷ್ಟೇ. ಅವರ ಮಾತಿಗೆ ಮಸಿ ಅಂಟುತ್ತಿರಲಿಲ್ಲ. ಅಂಟುತ್ತಿದ್ದದ್ದು ಬಾಯ್ಲರ್ ಕಾಯುವ ತಾತನ ಕೈಗೆ, ಇಪ್ಪತ್ತಾರು ವರ್ಷದಿಂದ.

ಆ ಗುರುವಾರ ಕವಾಟ ತೆರೆಯಲಿಲ್ಲ, ಪೈಪಿನ ಕೀಲು ಒಡೆಯಿತು. ಪಕ್ಕದಲ್ಲೇ ನಿಂತಿದ್ದ ಇಸ್ತ್ರಿಯಕ್ಕನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದುಹೋಯಿತು. ಜನ ಅತ್ತ ಓಡಿದಾಗ ತಾತ ಇತ್ತ ಓಡಿ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಶನಿವಾರ ಮಾಲೀಕರು ಅವನನ್ನು ಕಚೇರಿಗೆ ಕರೆಸಿ ಕುರ್ಚಿ ಕೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲ ಕುರ್ಚಿ. ಮಾಲೀಕರೇ ತಾತ ಹೋಗುವ ಚರ್ಚಿನ ಸಭೆಯ ಹಿರಿಯರು ಕೂಡ. ಯೇಸುವಿನ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿಯ ತಟ್ಟೆ ಹಿಡಿಯುವ ಕೈ ಅವರದೇ. ಆ ಕೈ ಒಂದು ಕಾಗದವನ್ನು ಮುಂದಕ್ಕೆ ಸರಿಸಿತು: ಇಸ್ತ್ರಿ ಮಾಡುವ ಹೆಂಗಸು ಅಪ್ಪಣೆಯಿಲ್ಲದೆ ಪೈಪಿನ ತಿರುಪು ಮುಟ್ಟಿದಳು, ನಾನು ಕಣ್ಣಾರೆ ಕಂಡೆ. ಸೋಮವಾರ ತನಿಖೆಯವರು ಬರುವುದರೊಳಗೆ ಸಹಿ ಬೇಕಿತ್ತು. ಸಹಿ ಬಿದ್ದರೆ ಅವಳ ಕೆಲಸ ಹೋಗುತ್ತದೆ, ಬೇರೆ ಯಾವ ಲಾಂಡ್ರಿಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೀಳದಿದ್ದರೆ ತಂತಿ ಬಿಗಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಇದನ್ನೆಲ್ಲ ಮೆತ್ತಗೆ ತಿಳಿಸಿಹೇಳಿ ಮಾಲೀಕರು ಧ್ವನಿ ಬದಲಿಸಿದರು.

"ಮಕ್ಕಳ ಥರ ಆಗಿ ಅಂತ ತಾನೇ ಯೇಸುಸ್ವಾಮಿ ಹೇಳಿದ್ದು? ಮಗು ಎದುರುತ್ತರ ಕೊಡುತ್ತಾ? ದೀನನಾಗಿ, ನಂಬಿ, ಒಂದು ಸಹಿ ಹಾಕಿಬಿಡು."

ತಾತ ಕನ್ನಡಕ ಮನೆಯಲ್ಲೇ ಮರೆತುಬಂದೆ ಎಂದ. ಮಾಲೀಕರು ಅವನ ಹಣೆಯ ಮೇಲಿದ್ದ ಕನ್ನಡಕ ನೋಡಿದರು. ಭಾನುವಾರ ಸಂಜೆಯವರೆಗೆ ಗಡುವು ಕೊಟ್ಟರು.

ಮನೆಯಲ್ಲಿ ಹೆಂಡತಿ ಎರಡೂ ಕಡೆಯಿಂದ ಬೈದಳು. ಸಹಿ ಹಾಕಿದರೆ ನೀನು ಅವಳ ಮುಖ ಹೇಗೆ ನೋಡುತ್ತೀ, ಹಾಕದಿದ್ದರೆ ನಾನು ಒಲೆಯ ಮುಖ ಹೇಗೆ ನೋಡಲಿ ಎಂದಳು. ಅಷ್ಟರಲ್ಲಿ ಒಳಗೆ ಏನೋ ಬಿದ್ದು ಚೂರಾಯಿತು. ಐದು ವರ್ಷದ ಮೊಮ್ಮಗಳು ಬಂದಳು. ತಾತ ಹಲ್ಲುಸೆಟ್ಟು ನೆನೆಹಾಕುವ ಗಾಜಿನ ಲೋಟದ ಚೂರುಗಳು ಅವಳ ಲಂಗದ ಮಡಿಲಲ್ಲಿದ್ದವು.

"ನಾನೇ ಒಡ್ದೆ. ಬೆರಳು ಕೊಯ್ದಿದೆ. ಎತ್ಕೋ."

ತಾತ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಅವಳನ್ನು ಎತ್ತಿಕೊಂಡು ಬೆರಳಿಗೆ ಬಟ್ಟೆ ಸುತ್ತಿದ. ಕಚೇರಿಯಲ್ಲಿ ಮಾಲೀಕರು ಹೇಳಿದ ಮಗು ತಲೆಯಾಡಿಸುವ ಗೊಂಬೆ. ಈ ಮಗು ತನ್ನ ತಪ್ಪನ್ನು ಮಡಿಲಲ್ಲೇ ಹೊತ್ತು ತಂದಿತ್ತು. ಹೊಡೆಯಬಹುದಾದ ಕೈಯೇ ಎತ್ತಿಕೊಳ್ಳುತ್ತದೆ ಎನ್ನುವುದರಲ್ಲಿ ಅದಕ್ಕೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾನು ದೇವರೆದುರು ಹೀಗೆ ನಿಂತದ್ದುಂಟೇ? ಮಾಲೀಕರೆದುರು ಬಗ್ಗಿದಂತೆ ಅಲ್ಲೂ ಬಗ್ಗಿದ್ದ. ಬಗ್ಗಿದ್ದು ಬರೀ ಬೆನ್ನು.

ಪ್ರಭುಭೋಜನಕ್ಕೆ ಮುಂಚೆ ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಯಾರಿಗಾದರೂ ತಪ್ಪು ಮಾಡಿದ್ದರೆ ಈಗ ಎದ್ದು ಹೇಳಿ ಎಂದು ಪಾದ್ರಿಗಳು ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದರು. ಯಾರೂ ಏಳುತ್ತಿರಲಿಲ್ಲ. ಹತ್ತಾದ ಮೇಲೆ ರೊಟ್ಟಿ.

ಈ ಭಾನುವಾರ ಅವರು ಏಳೋ ಎಂಟೋ ಎಣಿಸಿರಬೇಕು, ತಾತ ಎದ್ದ. ಮೊಣಕಾಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಕೈಗೆ ಪಟ್ಟಿ ಕಟ್ಟಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದ ಇಸ್ತ್ರಿಯಕ್ಕನ ಮುಂದೆ ಹೋಗಿ ನಿಂತ.

"ಕವಾಟಕ್ಕೆ ತಂತಿ ಕಟ್ಟಿದ್ದು ನಾನು. ನೀನು ಏನನ್ನೂ ಮುಟ್ಟಲಿಲ್ಲ. ನಾಳೆ ತನಿಖೆಯವರಿಗೂ ಇದನ್ನೇ ಹೇಳ್ತೀನಿ."

ಮುಂದಿನಿಂದ ಹಿರಿಯರು, ಕೈಯಲ್ಲಿ ತಟ್ಟೆ ಹಿಡಿದೇ, ಕಾರ್ಖಾನೆಯ ಕಸ ದೇವರ ಮನೆಯೊಳಗೆ ಬೇಡ ಎಂದರು. ತಾತ ತಿರುಗಿದ.

"ಅಯ್ಯಾ, ಕಟ್ಟಿಸಿದ್ದು ನೀವು. ನನ್ನದನ್ನ ನಾನು ಹೇಳಿದೆ. ನಿಮ್ಮದನ್ನ ನೀವು ಹೇಳಿ."

ಹಿರಿಯರು ತಟ್ಟೆಯ ಮೇಲಿನ ಬಟ್ಟೆ ಸರಿಮಾಡಿದರು. ಪಾದ್ರಿಗಳಿಗೆ ಎಣಿಕೆ ತಪ್ಪಿಹೋಗಿತ್ತು.

ಎಷ್ಟು ವರ್ಷದಿಂದ ಕಟ್ಟುತ್ತಿದ್ದೀ ಎಂದು ಇಸ್ತ್ರಿಯಕ್ಕ ಕೇಳಿದಳು. ಇಪ್ಪತ್ತಾರು ಎಂದ.

"ನಾನು ಸೇರಿ ಹದಿನಾಲ್ಕಾಯ್ತು. ದಿನಾ ನನ್ನ ಪಕ್ಕದಲ್ಲೇ ಕೂತು ಉಣ್ತಿದ್ದೆಯಲ್ಲೋ."

ತಾತ ಹೋಗದೆ ಅಲ್ಲೇ ನಿಂತ. ಅವಳು ಕ್ಷಮಿಸಿದೆ ಎನ್ನಲಿಲ್ಲ. ನಾಳೆ ತನಿಖೆ ಎಷ್ಟು ಗಂಟೆಗೆ ಎಂದಳು.

ಸೋಮವಾರ ಗೇಟಿನಲ್ಲೇ ಮಾಲೀಕರ ಕಡೆಯವರು ತಾತನಿಂದ ಬಾಯ್ಲರ್ ಮನೆಯ ಬೀಗದ ಕೈ ಕಿತ್ತುಕೊಂಡು, ಹೇಳಿಕೆ ಕೊಟ್ಟು ಮನೆಗೆ ಹೋಗು ಎಂದರು. ಹತ್ತಕ್ಕೆ ತಾತ ತನಿಖೆಯವರೆದುರು ಕೂತು ಎಲ್ಲವನ್ನೂ ಹೇಳಿದ. ತಂತಿ, ಸುತ್ತು, ಗುರುವಾರ, ಜೇಬು. ತನಿಖೆಯವರು ಚಕಚಕನೆ ಬರೆದುಕೊಂಡರು. ಕಟ್ಟಿಸಿದವರ ಹೆಸರನ್ನೂ ಹೇಳಿದ. ಅಲ್ಲಿಗೆ ಬಂದು ಲೇಖನಿ ನಿಂತಿತು.

ಇಸ್ತ್ರಿಯಕ್ಕ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಈಗ ಒಳಗೆ ಬಂದು, ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ, ತನಿಖೆಯವರು ಬರೆಯುತ್ತಿದ್ದ ಕಾಗದದ ಪಕ್ಕದಲ್ಲೇ ಇಟ್ಟಳು.

"ಆ ಹೆಸರನ್ನೂ ಬರೀರಿ," ಎಂದಳು.