‘ಹೊ’ ಎಂಬ ಗುರುತು

ಊರವರಿಗೆಲ್ಲ ಬಿಲ್ಲು ಮಾಡಿಕೊಟ್ಟ ಅಪ್ಪ ನನಗೆಂದು ಕೈ ಹಚ್ಚಿದ್ದು ಒಂದೇ ಬಿಲ್ಲಿಗೆ, ಅದೂ ನನಗೆ ನಲವತ್ತು ದಾಟಿದ ಮೇಲೆ. ಕೇಳಿದಾಗಲೆಲ್ಲ “ನಿಂದು ನಿಧಾನಕ್ಕೆ ಮಾಡೋಣ, ನೀನೆಲ್ಲಿ ಓಡಿಹೋಗ್ತೀಯ” ಎನ್ನುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. ಆ ಮಾತಿಗೆ ಎಷ್ಟು ಸಲ ಊಟ ಬಿಟ್ಟಿದ್ದೇನೋ.

ಕೊನೆಗೆ ಏಳು ವರ್ಷ ಒಣಗಿಸಿದ್ದ ಹಿಪ್ಪುನೇರಳೆಯಲ್ಲಿ ಎರಡು ತೋಳು, ಜಾಲಿಯಲ್ಲಿ ನಡುವಿನ ಹಿಡಿ ಕೆತ್ತಿದ. ಒಂದರೊಳಗೊಂದು ಕೂರುವಂತೆ ಮೀನಿನ ಬಾಲದ ಹಾಗೆ ಕಚ್ಚು ಕೊಯ್ದ. ಅಂಟು ಹಾಕುವುದೊಂದೇ ಬಾಕಿ ಎನ್ನುವಾಗ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಇನ್ನೊಂದು ಸಲ ಬಡಿದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅಷ್ಟರೊಳಗೆ ಈ ಬಿಲ್ಲನ್ನು ಅವನ ಕಣ್ಣೆದುರು ಎಳೆದು ತೋರಿಸಲೇಬೇಕೆಂದು ನನಗೆ ಹಟ ಹಿಡಿಯಿತು.

ಉಪ್ಪುಕಾಗದ ಉಜ್ಜುವುದು ಬಿಟ್ಟರೆ ಆ ಕೆಲಸದಲ್ಲಿ ನನಗೆ ಬೇರೇನೂ ಗೊತ್ತಿರಲಿಲ್ಲ. ಎರಡೂ ತೋಳುಗಳ ಒಂದು ಮೈಯಲ್ಲಿ ಅಪ್ಪ ಪೆನ್ಸಿಲಿನಿಂದ ‘ಹೊ’ ಎಂದು ಬರೆದಿದ್ದ. ಹೊ ಎಂದರೆ ಹೊರಗೆ, ಬಾಣ ಹೋಗುವ ಕಡೆಗೆ. ಅದನ್ನು ತಿಳಿಯಲು ಪಂಡಿತರು ಬೇಕೇ? ಹಾಗೇ ಕೂರಿಸಿ, ಅಂಟು ಬಳಿದು, ಹಗ್ಗ ಸುತ್ತಿ ಬಿಗಿದೆ. ಆಮೇಲೆ ಗಾಲಿಕುರ್ಚಿಯಲ್ಲಿ ಅಪ್ಪನನ್ನು ಕರೆತಂದು ತೋರಿಸಿದೆ.

ನೋಡಿದವನೇ ಎಡಗೈಯಲ್ಲಿ ಹೊಟ್ಟೆ ತಟ್ಟಿಕೊಳ್ಳತೊಡಗಿದ.

“ಮತ್ತೆ ಹಸಿವಾ? ಈಗ ತಾನೆ ತಿಂದ್ಯಲ್ಲಪ್ಪಾ!”

ಅನ್ನ ಕಲಸಿ ತಂದೆ. ಬಾಯಿ ಬಿಡಲಿಲ್ಲ. ಹೊಟ್ಟೆ ತಟ್ಟುವುದನ್ನೂ ಬಿಡಲಿಲ್ಲ.

“ಅಜೀರ್ಣ ಇರ್ಬೇಕು ಕಣೆ,” ಎಂದು ಅಮ್ಮ ಬಿಸಿನೀರು ತಂದಳು. ಅಪ್ಪ ಲೋಟ ತಳ್ಳಿದ. ಗಂಟಲಿನಿಂದ “ಹೊ, ಹೊ” ಎಂದು ಗಾಳಿ ಹೊರಟಿತು. ಕಣ್ಣಲ್ಲಿ ನೀರು.

“ಇಷ್ಟು ಕಷ್ಟಪಟ್ಟು ಮಾಡಿದೀನಿ, ಒಂದ್ಸಲ ಖುಷಿಪಡಬಾರ್ದಾ ನೀನು?” ಎಂದು ಕೂಗಾಡಿಬಿಟ್ಟೆ. ಆ ಅಂಟು ಹಿಡಿಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ನಾವು ಅವನ ಬಾಯಿಗೆ ಅನ್ನ, ನೀರು ತುರುಕುವುದರಲ್ಲಿ ಕಳೆದೆವು.

ಮೂರನೆಯ ದಿನ ಹೆದೆ ಏರಿಸಿ, ಅಪ್ಪನೆದುರು ನಿಂತು ಎಳೆದೆ. ಹೊರಮೈ ಸಿಬಿರೆದ್ದಿತು. ಮೇಲಿನ ತೋಳು ಲಟ್ಟನೆ ಮುರಿದು ಅವನ ಕಾಲ ಬಳಿ ಬಿತ್ತು.

ಅಪ್ಪ ಬೈಯುವಂತೆಯೂ ಇರಲಿಲ್ಲ. ಎಡಗೈ ಚಾಚಿದ. ತುಂಡನ್ನು ಎತ್ತಿಕೊಟ್ಟೆ. ಅದನ್ನು ನಿಧಾನವಾಗಿ ತಿರುಗಿಸಿ, ‘ಹೊ’ ಬರೆದ ಮೈಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದ.

“ಹೊಟ್ಟೆನಾ ಅಪ್ಪಾ? ಬಿಲ್ಲಿನ ಹೊಟ್ಟೆನಾ?”

ಎಳೆಯುವವರ ಕಡೆಗಿರುವ ಮೈಗೆ ಬಿಲ್ಲಿನವರು ಹೊಟ್ಟೆ ಎನ್ನುತ್ತಾರೆ; ಅಪ್ಪನ ಬಾಯಲ್ಲೇ ಎಂದೋ ಕೇಳಿದ್ದ ಮಾತು. ನಾನು ಅದನ್ನೇ ಹೊರಗೆ ಮಾಡಿ, ಎಳೆತ ತಡೆಯುವ ತೊಗಟೆ ಕಡೆಯ ಮೈಯನ್ನು ಒಳಗೆ ಕೂರಿಸಿದ್ದೆ.

ಅಪ್ಪ ತಲೆಯಾಡಿಸಿದ. ಮತ್ತೆ ಮತ್ತೆ ಆಡಿಸಿದ. ನಾನು ಮುಖ ಮುಚ್ಚಿಕೊಂಡು ಅಳುತ್ತಿದ್ದರೆ ಅವನು ಸೊಟ್ಟ ಬಾಯಲ್ಲೇ ನಗುತ್ತಿದ್ದ, ಕೊನೆಗೂ ಅವನ ಒಂದು ಮಾತು ಯಾರಿಗೋ ಅರ್ಥವಾಗಿತ್ತು.